ಜಡೆ ಹಿಡಿದ ಬಲಗೈ

ಫೋನ್ ಮಾಡಿದವರು ಯಜಮಾನರೇ. ದನಿ ಕೇಳಿದ ಕೂಡಲೇ ಮತ್ತೆ ಅವರಿಗೇ ಏನೋ ಆಯಿತು ಅಂದುಕೊಂಡೆ.

"ನಂಗಲ್ಲ ಸಾರ್," ಅಂದರು. "ಈ ಸಲ ನಮ್ಮನೆಯವ್ಳು. ಬಲಗಡೆ ಓಗ್ಬುಟ್ಟೈತೆ. ಮಾತೂ ಇಲ್ಲ. ನೆನ್ನೆ ಆಸ್ಪತ್ರೆಯಿಂದ ಕರ್ಕಂಬಂದ್ವಿ. ಒಂದ್ಸಲ ಬಂದೋಗಿ."

ನಾನು ಫಿಸಿಯೋಥೆರಪಿಸ್ಟ್. ಬೆಳಗಿನ ಹೊತ್ತು ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಕೆಲಸ. ಮಧ್ಯಾಹ್ನ ಊಟ ಮುಗಿಸಿ ಸ್ಕೂಟರ್ ಹತ್ತಿದರೆ ಕೆಜಿಎಫ್‌ನ ಲೈನುಗಳು ಅನ್ನುವ ಗಣಿ ಕಾರ್ಮಿಕರ ಸಾಲುಮನೆಗಳು, ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳು, ಮನೆಮನೆ ಸುತ್ತಾಟ. ನೋಡುವವರಲ್ಲಿ ಹೆಚ್ಚಿನವರು ಲಕ್ವ ಹೊಡೆದವರು. ಬಿದ್ದ ಕೈ ಎತ್ತಿಸುವುದು, ಎಳೆಯುವ ಕಾಲನ್ನು ಇಡಿಸುವುದು, ಅದೇ ಕೆಲಸ. ಇಷ್ಟು ವರ್ಷ ಮಾಡಿದ ಮೇಲೆ ಸುದ್ದಿ ಕೇಳಿ ಎದೆ ಧಸಕ್ ಅನ್ನುವುದೆಲ್ಲ ನಿಂತುಹೋಗಿದೆ. ಅವತ್ತೂ ಏನೂ ಅನಿಸಲಿಲ್ಲ. ಯಾವ ಹೊತ್ತಿಗೆ ಹೋಗಬಹುದು ಅಂತ ಮಾತ್ರ ಯೋಚಿಸಿದೆ.

ಆ ಮನೆ ನನಗೆ ಹೊಸದಲ್ಲ. ಹಿಂದಿನ ವರ್ಷ ಯಜಮಾನರಿಗೆ ಎಡಗಡೆ ಲಕ್ವ ಹೊಡೆದಾಗ ತಿಂಗಳುಗಟ್ಟಲೆ ಅಲ್ಲಿಗೆ ಹೋಗಿದ್ದೆ. ಅವರು ಗಣಿಯ ಒಳಗೆ ಹಾಲೇಜ್ ಹಗ್ಗ ಹೆಣೆಯುತ್ತಿದ್ದವರು. ಅದಿರಿನ ತೊಟ್ಟಿಗಳನ್ನು ಎಳೆಯುವ ಉಕ್ಕಿನ ಹಗ್ಗ ತುಂಡಾದರೆ ಎರಡು ತುದಿಯ ಎಳೆಗಳನ್ನು ಬಿಚ್ಚಿ ಒಂದರೊಳಗೊಂದು ಸೇರಿಸಿ ಮತ್ತೆ ಒಂದು ಮಾಡುವ ಕೆಲಸ. ಗಣಿ ಮುಚ್ಚಿದ ಮೇಲೆ ವಾಚ್‌ಮನ್ ಆಗಿ, ಅದನ್ನೂ ಬಿಟ್ಟು, ಲೈನ್ ಮನೆಯಲ್ಲೇ ಇದ್ದರು. ಲಕ್ವ ಹೊಡೆದ ದಿನ ಕಾಫಿ ಕುಡಿಯುವಾಗ ಲೋಟ ಕೈಜಾರಿ, ಬಾಯಿ ಒಂದು ಕಡೆಗೆ ಎಳೆದಿತ್ತು. ಅಮ್ಮ, ಅಂದರೆ ಅವರ ಹೆಂಡತಿ, ಮನೆ ಬಾಗಿಲಿಗೆ ಬೀಗ ಕೂಡ ಹಾಕದೆ ಅವರನ್ನು ಆಟೋಗೆ ಹತ್ತಿಸಿಕೊಂಡು ಹೋಗಿದ್ದರು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಒಂದಿದೆ. ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಯಾವಾಗ ಶುರುವಾಯಿತು ಅಂತ ಡಾಕ್ಟರು ಕೇಳಿದಾಗ, "ಕಾಫಿ ಅರ್ಧ ಕುಡ್ದಿದ್ರು" ಅಂತ ಅಮ್ಮ ತಡವರಿಸದೆ ಹೇಳಿದ್ದರು. ಇಂಜೆಕ್ಷನ್ ಬಿತ್ತು. ಯಜಮಾನರು ಉಳಿದಿದ್ದೂ ಎದ್ದಿದ್ದೂ ಅದರಿಂದ.

ಆಮೇಲಿನದು ಅಮ್ಮನ ಕೆಲಸ. ನಾನು ವಾರಕ್ಕೆ ಮೂರು ದಿನ ಹೋಗಿ ತೋರಿಸಿಕೊಟ್ಟು ಬರುತ್ತಿದ್ದೆ, ದಿನಾ ಮಾಡಿಸುತ್ತಿದ್ದವರು ಅವರು. ಮಂಚದ ಪಕ್ಕ ನಿಂತು ಗಂಡನ ಕೈ ಎತ್ತಿ ಇಳಿಸುತ್ತಾ "ಒಣ್ಣು, ರೆಂಡು, ಮೂಣು" ಅಂತ ತಮಿಳಿನಲ್ಲಿ ಎಣಿಸುತ್ತಿದ್ದರು. ಮನೆಯ ಮಾತು ಕನ್ನಡವೇ, ಎಣಿಕೆ ಮಾತ್ರ ತಮಿಳು. ಗಣಿಯಲ್ಲಿ ಗಂಡ ಕಲಿತು ಬಂದದ್ದು ಮನೆಗೆಲ್ಲ ಹತ್ತಿತ್ತು. ಮೊದಲ ದಿನ ಯಜಮಾನರನ್ನು ನಿಮಗೇನು ಮಾಡಬೇಕು ಅಂತ ಆಸೆ ಎಂದು ಕೇಳಿದ್ದೆ. ಎಲ್ಲರನ್ನೂ ಕೇಳುತ್ತೇನೆ, ಅದರ ಮೇಲೆ ವ್ಯಾಯಾಮ ಗೊತ್ತುಮಾಡುವುದು. ಅವರು, "ಸರ್ಕಲ್‌ನಾಗೆ ಟೀ ಅಂಗ್ಡಿ ಐತಲ್ಲ ಸಾರ್, ಅಲ್ಲಿಗಂಟ ಓಗಿ ಕೂತ್ಕಬೇಕು" ಅಂದಿದ್ದರು. ಕೋಲು ಹಿಡಿದು ಅಲ್ಲಿಗೆ ಹೋಗಿ ಕೂತ ದಿನ ನನ್ನ ಭೇಟಿ ನಿಂತಿತ್ತು. ಎಡಗೈ ಬೆರಳುಗಳು ಮಾತ್ರ ಪೂರ್ತಿ ಬಂದಿರಲಿಲ್ಲ. ಅಂಗಿಯ ಗುಂಡಿ ಅಮ್ಮನೇ ಹಾಕಬೇಕಾಗಿತ್ತು.

ಈಗ ಅದೇ ಮಂಚದ ಮೇಲೆ ಅಮ್ಮ ಮಲಗಿದ್ದರು. ಯಜಮಾನರು ಗುಂಡಿ ಬಿಚ್ಚಿದ ಅಂಗಿಯಲ್ಲಿ ಕುರ್ಚಿ ಮೇಲೆ ಕೂತಿದ್ದರು.

ಏನಾಯಿತು ಅಂತ ಕೇಳಿದೆ. ಹೇಳಿದ್ದು ಸೊಸೆ. ಆಕೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಒಂದು ಕಚೇರಿಯಲ್ಲಿ ಹೌಸ್‌ಕೀಪಿಂಗ್ ಮಾಡಿ ಸಂಜೆ ರೈಲಿಗೆ ಬರುವವಳು. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಅರ್ಧ ರಸ್ತೆ ಮೇಲೇ. ಆ ದಿನ ಸಂಜೆ ಅವಳು ಬಂದಾಗ ಅತ್ತೆ ಒಲೆ ಮುಂದೆ ಗೋಡೆಗೆ ಒರಗಿದ್ದರು. ಬಲಗೈ ಸೆರಗಿನೊಳಗಿತ್ತು. ಮಾತಾಡಿಸಿದರೆ ತೊದಲು. ಹತ್ತಿರದ ಕ್ಲಿನಿಕ್‌ನಲ್ಲಿ ಸುಸ್ತು ಅಂದು ಗ್ಲೂಕೋಸ್ ಹಾಕಿದರು. ಅಲ್ಲಿಂದ ದೊಡ್ಡಾಸ್ಪತ್ರೆ ಮುಟ್ಟಿ ಸ್ಕ್ಯಾನ್ ಆಗುವಷ್ಟರಲ್ಲಿ ಡಾಕ್ಟರು ಅದೇ ಪ್ರಶ್ನೆ ಕೇಳಿದ್ದರು, ಯಾವಾಗ ಶುರುವಾಯಿತು ಅಂತ. ಈ ಸಲ ಉತ್ತರ ಯಾರ ಹತ್ತಿರವೂ ಇರಲಿಲ್ಲ.

"ಬೆಳಿಗ್ಗೆ ಕಾಫಿ ಕೊಟ್ಳಲ್ಲ ಸಾರ್, ಸ್ನಾನ ಮಾಡ್ಸಿದ್ಳು, ಮಾತ್ರೆ ಕೊಟ್ಳು," ಅಂದರು ಯಜಮಾನರು. "ಚೆನ್ನಾಗೇ ಇದ್ಳು."

"ಕಾಫಿ ಯಾವ ಕೈಯಲ್ಲಿ ಕೊಟ್ಟರು?"

ಅವರು ನನ್ನನ್ನೇ ನೋಡಿದರು. "ಅದನ್ನ ಯಾರ್ ನೋಡ್ತಾರೆ ಸಾರ್?" ಅಂದರು.

ಬೆಳಿಗ್ಗೆಯೇ ಶುರುವಾಗಿರಬೇಕು. ಎಡಗೈಯಲ್ಲೇ ಕಾಫಿ, ಎಡಗೈಯಲ್ಲೇ ಸ್ನಾನ, ಎಡಗೈಯಲ್ಲೇ ಅಡುಗೆ ಮುಗಿಸಿ, ಇನ್ನು ಮಾಡಲು ಏನೂ ಉಳಿದಿಲ್ಲ ಅಂದಮೇಲೆ ಕೂತಿದ್ದಾರೆ. ಇಂಥದ್ದು ನಾನು ಮೊದಲು ನೋಡಿದ್ದಲ್ಲ. ಗಂಡಸಿಗೆ ಲಕ್ವ ಹೊಡೆದರೆ ಮನೆಯಲ್ಲಿ ಒಬ್ಬರು ಎದ್ದು ಓಡುತ್ತಾರೆ. ಹೆಂಗಸಿಗೆ ಹೊಡೆದರೆ ಆ ಎದ್ದು ಓಡುವವರೇ ಬಿದ್ದಿರುತ್ತಾರೆ. ಆಸ್ಪತ್ರೆಗಳಲ್ಲೂ ಅವರದ್ದು ಮೊದಲು ಸುಸ್ತು, ಆಮೇಲೆ ತಲೆಸುತ್ತು, ಕೊನೆಗೆ ಲಕ್ವ. ಹೇಳಿ ಹೇಳಿ ನನಗೇ ಬೇಜಾರಾಗಿದೆ.

ಪರೀಕ್ಷೆ ಮಾಡಿದೆ. ಬಲಗಾಲಲ್ಲಿ ಶಕ್ತಿ ಇತ್ತು, ಮಂಡಿ ಮಡಚುತ್ತಿದ್ದರು. ಕೈಯಲ್ಲಿ ಏನೂ ಇರಲಿಲ್ಲ. ಭುಜದ ಕೀಲು ಸಡಿಲಾಗಿ, ಒಂದು ಬೆರಳು ಹೋಗುವಷ್ಟು ಸಂದು ಬಿಟ್ಟಿತ್ತು. ಮಾತಿನಲ್ಲಿ ಎರಡೇ ಪದ ಉಳಿದಿದ್ದವು. "ಇಲ್ಲ" ಮತ್ತು "ಸಾಕು". ಏನು ಮಾಡಬೇಕು ಅಂತ ಆಸೆ ಅಮ್ಮಾ ಅಂತ ಕೇಳಿದೆ. ಅವರು ಎಡಗೈ ಎತ್ತಿ ಗಂಡನ ಅಂಗಿಯ ಗುಂಡಿ ತೋರಿಸಿದರು. ನಿಮಗೇನು ಬೇಕು ಅಂತ ಮತ್ತೆ ಕೇಳಿದೆ. "ಇಲ್ಲ" ಅಂದರು. ಮಾತು ಕಟ್ಟಿದವರಲ್ಲೂ ಬಾಯಿಪಾಠವಾದದ್ದು ಕೆಲವೊಮ್ಮೆ ಉಳಿದಿರುತ್ತದೆ. ಅದನ್ನು ನೋಡೋಣ ಅಂತ ನಾನು "ಒಣ್ಣು" ಅಂದೆ. ಅವರು ನಿರಾಯಾಸವಾಗಿ "ರೆಂಡು, ಮೂಣು, ನಾಲು" ಅಂತ ಹತ್ತರವರೆಗೂ ಹೋದರು. ಯಜಮಾನರು ನಕ್ಕರು. ಅಮ್ಮನೂ ನಕ್ಕರು, ಅರ್ಧ ಮುಖದಲ್ಲಿ.

ಕಲಿಸಿದ್ದು ಇಷ್ಟು. ಕೈ ಜೋತುಬೀಳದಂತೆ ಕೆಳಗೆ ದಿಂಬು. ಏಳಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬಾರದು. ಅಂಗೈಯನ್ನು ಮಂಚದ ಮೇಲೆ ಊರಿಸಿ, ಮೊಣಕೈ ನೇರ ಮಾಡಿ, ಮೈಭಾರ ಬಿಡಿಸಬೇಕು. ದಿನಕ್ಕೆ ನಾಲ್ಕೈದು ಸಲ, ಯಾರಾದರೂ ಪಕ್ಕದಲ್ಲಿದ್ದು. ನಾನು ಗಂಡಸು. ಸೊಸೆ ಇಲ್ಲದ ಹೊತ್ತಿನಲ್ಲಿ ಅವರ ಭುಜ ಮುಟ್ಟಿದರೆ ಅವರು ಮುದುಡಿಕೊಂಡು ಸೆರಗು ಎಳೆದುಕೊಳ್ಳುತ್ತಿದ್ದರು. ಯಜಮಾನರ ಮೈಯನ್ನು ಮರದ ದಿಮ್ಮಿಯಂತೆ ಹೊರಳಿಸಿದ್ದೆ. ಇಲ್ಲಿ ಅದು ನಡೆಯುತ್ತಿರಲಿಲ್ಲ.

ಎರಡನೇ ವಾರವೇ ಎಡವಟ್ಟಾಯಿತು. ರೈಲಿಗೆ ಹೊತ್ತಾಯಿತೆಂದು ಸೊಸೆ ಅವಸರದಲ್ಲಿ ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ಭುಜ ನೋವು ಶುರುವಾಯಿತು. ಅಮ್ಮ ಯಾರನ್ನೂ ಕೈ ಮುಟ್ಟಗೊಡಲಿಲ್ಲ. ಕಾಲು ಮಾತ್ರ ಬೇಗ ಬಂತು. ಗೋಡೆ ಹಿಡಿದು ಬಚ್ಚಲಿಗೆ, ಬಚ್ಚಲಿಂದ ಒಲೆಗೆ. ತಿಂಗಳಾಗುವಷ್ಟರಲ್ಲಿ ಎಡಗೈಯಲ್ಲೇ ಅನ್ನ ಬೇಯಿಸಿ ಸಾರು ಮಾಡುತ್ತಿದ್ದರು. ಬಲಗೈ ಸೆರಗಿನ ಒಳಗೆ, ಅಕ್ಕಪಕ್ಕದವರ ಕಣ್ಣಿಗೆ ಬೀಳದ ಹಾಗೆ. ಮುದ್ದೆ ತಿರುವಲು ಮಾತ್ರ ಆಗುತ್ತಿರಲಿಲ್ಲ, ಅದಕ್ಕೆ ಎರಡೂ ಕೈ ಬೇಕು. ಮನೆಯಲ್ಲಿ ಮುದ್ದೆ ಬಿಟ್ಟು ಎಲ್ಲರೂ ಅನ್ನಕ್ಕೆ ಹೊಂದಿಕೊಂಡರು.

"ಇನ್ ನೀವ್ಯಾಕ್ ಸುಮ್ನೆ ತೊಂದ್ರೆ ತಗಂತೀರ ಸಾರ್," ಅಂದರು ಯಜಮಾನರು. "ಓಡಾಡ್ತಾವ್ಳೆ. ಎಕ್ಸರ್‌ಸೈಜೆಲ್ಲ ಅವ್ಳ್ಗೆ ಗೊತ್ತಲ್ಲ. ನಂಗೆ ಮಾಡ್ಸಿದ್ದೇ ಅವ್ಳು."

ಅವರು ಒರಟರಲ್ಲ. ಹೆಂಡತಿ ಮೇಲಿನ ನಂಬಿಕೆಯಿಂದಲೇ ಹೇಳಿದ್ದು. ಎಣಿಸುವವರು ಒಬ್ಬರು, ಎತ್ತಿಸಿಕೊಳ್ಳುವವರು ಇನ್ನೊಬ್ಬರು ಅನ್ನುವುದು ಅವರ ತಲೆಗೆ ಹೋಗಿರಲಿಲ್ಲ ಅಷ್ಟೆ. ಕೈಯಲ್ಲಿ ಏನಾದರೂ ಮರಳುವುದಿದ್ದರೆ ಹೆಚ್ಚಿನ ಪಾಲು ಮೊದಲ ಕೆಲವು ತಿಂಗಳಲ್ಲೇ ಮರಳುತ್ತದೆ. ಬಳಸದೆ ಬಿಟ್ಟ ಕೈಯನ್ನು ಮಿದುಳು ಮರೆಯುತ್ತಾ ಹೋಗುತ್ತದೆ. ಇದನ್ನು ಹೇಳಿದೆ. ಅವರು ತಲೆ ಆಡಿಸಿ ಕೋಲು ತೆಗೆದುಕೊಂಡು ಟೀ ಅಂಗಡಿಗೆ ಹೊರಟರು. ಬರುವ ಭಾನುವಾರ ಸೊಸೆ ಇರುವಾಗ ಒಂದು ಸಲ ಬಂದು ಮುಗಿಸಿಬಿಡುತ್ತೇನೆ ಅಂದೆ. ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು.

ಭಾನುವಾರ ಹೋದಾಗ ಅಮ್ಮ ಮಂಚದ ತುದಿಯಲ್ಲಿ ಕೂತಿದ್ದರು. ಹಿಂದೆ ಸೊಸೆ ಕತ್ತರಿ ಹಿಡಿದು ನಿಂತಿದ್ದಳು. ಅಮ್ಮನ ಕೂದಲು ಉದ್ದ, ಸೊಂಟ ದಾಟುತ್ತಿತ್ತು. ಮೊದಲ ವಾರಗಳು ಮಲಗಿದಲ್ಲೇ ಮಲಗಿ, ಆಮೇಲೆ ಬಾಚುವವರಿಲ್ಲದೆ ಹಿಂಭಾಗವೆಲ್ಲ ಗಂಟುಗಂಟಾಗಿತ್ತು.

"ಕತ್ತರ್ಸಿಬಿಡ್ತೀನಿ ಸಾರ್," ಅಂದಳು ಸೊಸೆ. ಅವಳ ಕಣ್ಣಲ್ಲಿ ನಿದ್ದೆ ಇತ್ತು. "ನಾನು ಕತ್ಲಾಗ್ ಓಗಿ ಕತ್ಲಾಗ್ ಬತ್ತೀನಿ. ಇವ್ರಿಗೆ ತಲೆ ಬಾಚಾಕೆ ಯಾರವ್ರೆ? ಒಂದ್ಕೈನಾಗೆ ಜಡೆ ಆಕ್ಕಳಾಕ್ ಆಯ್ತದಾ? ಇದನ್ನ ಇಟ್ಕಂಡ್ ಈಗ ಏನಾಗ್ಬೇಕು?"

ಅವಳು ಹೇಳಿದ್ದು ತಪ್ಪೇನಲ್ಲ. ಲಕ್ವವಾದ ಹೆಂಗಸರ ಮನೆಯಲ್ಲಿ ಮೊದಲು ಹೋಗುವುದು ಕೂದಲೇ. ನಾನೇ ಎಷ್ಟು ಮನೆಗಳಲ್ಲಿ ನೋಡಿದ್ದೇನೆ. ಗಂಡಸರಿಗೆ ಕ್ಷೌರದವನನ್ನು ಮನೆಗೇ ಕರೆಸುತ್ತಾರೆ. ಹೆಂಗಸರಿಗೆ ಕತ್ತರಿ.

ಸೊಸೆ ಕೂದಲನ್ನು ಮುಷ್ಟಿಯಲ್ಲಿ ಹಿಡಿದಳು. ಅಮ್ಮ "ಇಲ್ಲ, ಇಲ್ಲ" ಅಂದರು. ಎಡಗೈ ಹಿಂದೆ ಹೋಗಿ ಕೂದಲಿನ ಬುಡ ಮುಚ್ಚಿತು. ಅಷ್ಟರಲ್ಲಿ ಸೆರಗಿನ ಒಳಗೆ ಬಲಭುಜ ಮೇಲಕ್ಕೆ ಸರಿಯಿತು, ಮೊಣಕೈ ಮಡಚಿತು, ಮುದುಡಿದ ಅಂಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಯವರೆಗೆ ನಾನು ಸತ್ತಿದೆ ಅಂದುಕೊಂಡಿದ್ದ ಕೈ ಅದು. ಅವರಿಗೆ ಗೊತ್ತೇ ಆಗಿರಲಿಲ್ಲ, ಅವರ ಗಮನವೆಲ್ಲ ಹಿಂದಿದ್ದ ಕತ್ತರಿಯ ಮೇಲಿತ್ತು.

"ಸ್ವಲ್ಪ ತಡಿಯಮ್ಮ," ಅಂದೆ. "ಕೊಬ್ಬರಿ ಎಣ್ಣೆ ಹಾಕಿ ಗಂಟು ಬಿಡಿಸು. ಇವತ್ತು ಕತ್ತರಿಸಬೇಡ."

ಅವಳಿಗೆ ಸಿಟ್ಟು ಬಂತು. ಆದರೂ ಕತ್ತರಿ ಕೆಳಗಿಟ್ಟು ಎಣ್ಣೆ ತಂದಳು. ನಾನು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಗಣಿಯ ಮಣ್ಣು ಸುರಿದ ದಿಬ್ಬದ ಧೂಳು ಗಾಳಿಗೆ ಎದ್ದು ಒಣಗಿಹಾಕಿದ ಬಟ್ಟೆಗಳ ಮೇಲೆ ಬೀಳುತ್ತಿತ್ತು. ಕೈ ಬದುಕಿದೆ ಅಂತ ಹೇಳಿ ಪ್ರಯೋಜನವಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಅಮ್ಮನಿಗೋಸ್ಕರ ಆ ಮನೆಯಲ್ಲಿ ದಿನಾ ಕೂರುವವರು ಯಾರೂ ಇಲ್ಲ. ಯಜಮಾನರಿಗೋಸ್ಕರ ಅಂದರೆ ಎಲ್ಲರೂ ಕೂರುತ್ತಾರೆ, ಮೊದಲು ಅಮ್ಮನೇ ಕೂರುತ್ತಾರೆ. ಯಜಮಾನರು ಟೀ ಅಂಗಡಿಯಿಂದ ಬರುವುದು ಕಾಣಿಸಿತು. ಅಂಗಿ ಗಾಳಿಗೆ ಹಾರುತ್ತಿತ್ತು. ಆಗ ತೀರ್ಮಾನ ಮಾಡಿದೆ.

"ಯಜಮಾನ್ರೇ, ನಿಮ್ಮ ಎಡಗೈ ಬೆರಳು ಅರ್ಧಕ್ಕೇ ನಿಂತುಬಿಟ್ಟಿದೆ," ಅಂದೆ. "ಹೀಗೇ ಬಿಟ್ಟರೆ ಗುಂಡಿ ಹಾಕೋದು ಜನ್ಮದಲ್ಲಿ ಆಗಲ್ಲ. ನಿಮಗೆ ಹೊಸ ಎಕ್ಸರ್‌ಸೈಜ್ ಕೊಡ್ತೀನಿ. ವಾರಕ್ಕೆ ಎರಡು ದಿನ ಬಂದು ನೋಡ್ತೀನಿ."

"ಆಯ್ತು ಸಾರ್," ಅಂದರು ತಕ್ಷಣ. "ಏನ್ ಮಾಡ್ಬೇಕು ಏಳಿ."

"ದಿನಾ ಅಮ್ಮನ ತಲೆ ಬಾಚಿ ಜಡೆ ಹಾಕಬೇಕು."

ಅವರು ಲೈನಿನ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದರು. ಲೈನ್ ಮನೆಗಳಲ್ಲಿ ಹೆಂಗಸರು ತಲೆ ಬಾಚಿಕೊಳ್ಳುವುದು ಹೊಸ್ತಿಲ ಹತ್ತಿರ, ಸಂಜೆಯ ಬೆಳಕಿನಲ್ಲಿ, ಒಬ್ಬರ ಹಿಂದೆ ಒಬ್ಬರು ಕೂತು. ಅಲ್ಲಿ ಗಂಡಸರಿಗೆ ಜಾಗವಿಲ್ಲ.

"ಗಂಡ್ಸು ಜಡೆ ಆಕಾದಾ? ನೋಡ್ದೋರು ಏನಂತಾರೆ?"

"ಬಾಗಿಲು ಹಾಕ್ಕೊಳ್ಳಿ."

ಬಾಗಿಲು ಹಾಕಿಕೊಂಡೇ ಶುರುವಾಯಿತು. ಅಮ್ಮ ಕೆಳಗೆ ಮಣೆಯ ಮೇಲೆ, ಅವರು ಹಿಂದೆ ಮಂಚದ ಮೇಲೆ. ಮೊದಲ ಜಡೆ ಅಡ್ಡಾದಿಡ್ಡಿಯಾಗಿ, ಕೈ ಬಿಟ್ಟ ಕೂಡಲೇ ಬಿಚ್ಚಿಕೊಂಡಿತು. ಎರಡನೆಯದೂ ಅಷ್ಟೆ. ಅವರಿಗೆ ರೇಗಿತು. "ಹಾಲೇಜ್ ಹಗ್ಗ ಆರು ಎಳೆ ಸಾರ್. ಇದು ಮೂರೇ. ಆದ್ರೂ ನಿಲ್ತಿಲ್ಲ," ಅಂದರು. ಕೂದಲನ್ನು ಬೆರಳಲ್ಲಿ ತಿರುವಿ ನೋಡುತ್ತಾ ಕೂತರು. ಆಮೇಲೆ, "ಆ ಕಡೆ ಇಡ್ಕಳಾಕ್ ಒಬ್ರು ಬೇಕು. ಗಣಿನಾಗೆ ತುದಿ ಇಡ್ಕಂಡು ಎಳ್ಯಾಕೇ ಒಬ್ಬ ಇರ್ತಿದ್ದ. ಇಲ್ದಿದ್ರೆ ಸಡ್ಲ ಬತ್ತದೆ," ಅಂದರು.

ನಾನು ಕಾಯುತ್ತಿದ್ದದ್ದು ಇಂಥದ್ದೊಂದು ನೆಪಕ್ಕೆ. ಜಡೆಯನ್ನು ಬಲಭುಜದ ಮೇಲಿನಿಂದ ಮುಂದಕ್ಕೆ ತಂದೆವು. ಬಲ ಮೊಣಕೈ ಕೆಳಗೆ ದಿಂಬು ಇಟ್ಟು, ಜಡೆಯ ತುದಿಯನ್ನು ಅಮ್ಮನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದೆವು. ಯಜಮಾನರು ಮೇಲಿನಿಂದ ಮೆಲ್ಲಗೆ ಎಳೆಯಬೇಕು, ಅಮ್ಮ ಬಿಡಬಾರದು, ಹತ್ತು ಎಣಿಸುವವರೆಗೆ. ಮೊದಲ ಕೆಲವು ದಿನ ಜಡೆ ಅಂಗೈಯಿಂದ ಜಾರಿ ಬಿತ್ತು. ಪ್ರತಿ ಸಲವೂ ಯಜಮಾನರು ಬೈದರು. "ಬಿಗ್ಯಾಗ್ ಇಡ್ಕಳ್ಲೇ. ನೀನ್ ಬಿಟ್ರೆ ನನ್ ಎಕ್ಸರ್‌ಸೈಜ್ ಕೆಟ್ಟೋಯ್ತದೆ." ಗಂಡನ ಎಕ್ಸರ್‌ಸೈಜ್ ಅಂದಕೂಡಲೇ ಅಮ್ಮ ಹಲ್ಲು ಕಚ್ಚಿ ಪ್ರಯತ್ನಿಸುತ್ತಿದ್ದರು. ಭುಜದ ನೋವು ಇದೆಯಾ ಅಂತ ಕೇಳಿದರೆ "ಇಲ್ಲ" ಅನ್ನುತ್ತಿದ್ದರು. ಇತ್ತು. ಮುಖ ನೋಡಿ ನಾನೇ ನಿಲ್ಲಿಸುತ್ತಿದ್ದೆ.

ಆಮೇಲಿನ ವಾರಗಳು ಒಂದೇ ಥರ. ಸ್ಕೂಟರ್ ನಿಲ್ಲಿಸುವಾಗಲೇ ಮುಚ್ಚಿದ ಬಾಗಿಲ ಹಿಂದಿನಿಂದ ಎಣಿಕೆ ಕೇಳಿಸುತ್ತಿತ್ತು. ಒಂದು ಗಂಡು ದನಿ, ಅದರ ಬೆನ್ನಿಗೇ ಒಂದು ಹೆಣ್ಣು ದನಿ. ಅಮ್ಮನ ಹಿಡಿತ ಬಂತು. ಮೊದಲು ನಾಲ್ಕು ಬೆರಳು, ಆಮೇಲೆ ಹೆಬ್ಬೆರಳು. ಭುಜದ ಸಂದು ಕಡಿಮೆಯಾಯಿತು. ಆದರೆ ಹಿಡಿದ ಮೇಲೆ ಬಿಡಲು ಬರುತ್ತಿರಲಿಲ್ಲ. ಲಕ್ವದಲ್ಲಿ ಅದು ಹಾಗೆಯೇ, ಮುಷ್ಟಿ ಮೊದಲು ಬರುತ್ತದೆ, ಬಿಚ್ಚುವುದು ಕೊನೆಗೆ, ಕೆಲವರಿಗೆ ಬರುವುದೇ ಇಲ್ಲ. ಬಿಸಿನೀರಿನಲ್ಲಿ ಅದ್ದಿ ಬೆರಳುಗಳನ್ನು ಬಿಡಿಸುವುದನ್ನು ತೋರಿಸಿಕೊಟ್ಟೆ. ಇನ್ನೊಂದೆರಡು ತಿಂಗಳು ಹೀಗೇ ನಡೆದರೆ ಕೈ ತಲೆಯ ಮೇಲಕ್ಕೆ ಹೋಗಬಹುದು, ಮುದ್ದೆ ಕೋಲೂ ಹಿಡಿಯಬಹುದು ಅಂತ ಲೆಕ್ಕ ಹಾಕಿದ್ದೆ.

ಒಂದು ಮಧ್ಯಾಹ್ನ ಹೋದರೆ ಎಣಿಕೆ ಕೇಳಿಸಲಿಲ್ಲ. ಬಾಗಿಲು ತೆಗೆದಿತ್ತು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಲಿಯಲ್ಲೇ ನಿಂತಿದ್ದರು.

"ನೋಡಿ ಸಾರ್," ಅಂದರು. "ಕಾಲರ್ ಗುಂಡಿನೂ ಸೇರ್ಸಿ ನಾನೇ ಆಕ್ಕಂಡೆ. ಸರೋಯ್ತು. ಇನ್ ನೀವ್ ಬರಾದ್ ಬ್ಯಾಡ."

"ಅಮ್ಮನ ಕೈ ಇನ್ನೂ ಪೂರ್ತಿ ಬಂದಿಲ್ಲವಲ್ಲ."

"ಅವ್ಳಿಗೇನು, ಅಡಿಗೆ ಮಾಡ್ತಾವ್ಳೆ."

ಆಗ ಬಿಚ್ಚಿ ಹೇಳಿದೆ. ಜಡೆಯ ಎಕ್ಸರ್‌ಸೈಜ್ ಕೊಟ್ಟಿದ್ದೇ ಅಮ್ಮನಿಗಾಗಿ, ನಿಮ್ಮದು ನೆಪ, ದಯವಿಟ್ಟು ನಿಲ್ಲಿಸಬೇಡಿ ಅಂತ. ಅವರಿಗೆ ತಮಾಷೆ ಅನಿಸಿತು. "ಅದೆಂಗೆ ಸಾರ್? ಬೆರಳು ಬಂದಿದ್ದು ನಂಗಲ್ವಾ?" ಅಂದರು. ಆಮೇಲೆ ನನ್ನ ಮುಖ ನೋಡಿ, "ಆಕ್ತೀನ್ ಬಿಡಿ, ಜಡೆ ತಾನೆ" ಅಂತ ಒಪ್ಪಿದರು. ಒಳಗಿನಿಂದ ಅಮ್ಮ ಎಡಗೈಯಲ್ಲಿ ಟೀ ತಂದುಕೊಟ್ಟರು. ಜಡೆ ಬಿಗಿಯಾಗಿ, ಓರಣವಾಗಿ ಬೆನ್ನ ಮೇಲಿತ್ತು.

ಆ ಮೇಲೆ ನನ್ನ ಓಡಾಟ ಬೇತಮಂಗಲದ ಕಡೆಗೆ ಹೆಚ್ಚಾಯಿತು. ತಿಂಗಳ ಮೇಲಾಗಿತ್ತು, ಅದೇ ಲೈನಿನಲ್ಲಿ ಇನ್ನೊಂದು ಮನೆಗೆ ಕರೆ ಬಂತು. ಅದನ್ನು ಮುಗಿಸಿ ವಾಪಸ್ ಬರುವಾಗ ಯಜಮಾನರ ಮನೆಯ ಹೊಸ್ತಿಲಲ್ಲಿ ಕೂತವರನ್ನು ನೋಡಿ ಗುರುತು ಸಿಗಲಿಲ್ಲ. ಕೂದಲು ಕಿವಿಯ ಮಟ್ಟಕ್ಕಿತ್ತು, ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಸೊಸೆ ಕತ್ತರಿಸಿದ್ದರೆ ಇಷ್ಟು ಕೆಟ್ಟದಾಗಿ ಇರುತ್ತಿರಲಿಲ್ಲ ಅಂತ ಅನಿಸಿತು.

ಯಜಮಾನರು ಒಳಗೆ ಮಂಚದ ಮೇಲೆ ಮುನಿಸಿಕೊಂಡು ಕೂತಿದ್ದರು. "ಕೂದ್ಲು ತೆಗಿ ಅಂತ ಯಾರೂ ಏಳ್ಲಿಲ್ಲ ಸಾರ್," ಅಂದರು. "ನಾನ್ ಟೀ ಕುಡ್ಯಾಕ್ ಓಗಿದ್ದೆ. ಬಂದ್ ನೋಡಿದ್ರೆ ಇಂಗ್ ಮಾಡ್ಕಂಡ್ ಕೂತವ್ಳೆ. ನಾನೇನ್ ಕತ್ತರ್ಸು ಅಂದ್ನಾ?"

"ಜಡೆ ಹಾಕ್ತಿದ್ರಾ?"

ಅವರು ಹೆಂಡತಿಯ ಕಡೆ ನೋಡಿ, "ಎರಡ್ ಮೂರ್ ದಿನ ಆಕ್ದೆ," ಅಂದರು.

ನಾನು ಹೊಸ್ತಿಲ ಹತ್ತಿರ ಕೂತೆ. ನೀವೇ ಕತ್ತರಿಸಿಕೊಂಡಿರಾ ಅಮ್ಮ ಅಂತ ಕೇಳಿದೆ. ಅವರು ಗೋಡೆಗೂಡಿನಲ್ಲಿದ್ದ ಬಾಚಣಿಗೆ ತೋರಿಸಿದರು, ಗಂಡನ ಕಡೆ ತೋರಿಸಿದರು, ಬಾಗಿಲಾಚೆ ಸರ್ಕಲ್‌ನ ಟೀ ಅಂಗಡಿಯ ಕಡೆ ತೋರಿಸಿದರು. "ಸಾಕು" ಅಂದರು. ಅದರಲ್ಲಿ ಸಿಟ್ಟು ಇರಲಿಲ್ಲ. ಅಳುವೂ ಇರಲಿಲ್ಲ.

ಹೇಗೆ ಮಾಡಿದಿರಿ, ತೋರಿಸಿ ಅಂದೆ. ಅದು ಕೆಲಸದ ಅಭ್ಯಾಸ, ಬಾಯಿಂದ ತಾನಾಗಿ ಬಂತು. ಅವರು ಸೆರಗಿನಿಂದ ಬಲಗೈ ತೆಗೆದರು. ಅದು ಮೆಲ್ಲಗೆ ಮೇಲೇರಿತು, ಎದೆ ದಾಟಿತು, ಭುಜ ದಾಟಿತು, ಕತ್ತಿನ ಹಿಂದೆ ಹೋಗಿ, ಅಲ್ಲಿಲ್ಲದ ಜಡೆಯನ್ನು ಬಿಗಿಯಾಗಿ ಹಿಡಿದು ಎಳೆಯಿತು. ಎಡಗೈ ಎರಡು ಬೆರಳಿನಿಂದ ಕತ್ತರಿಯಾಡಿಸಿತು. ಆ ಕೈಯನ್ನು ಅಷ್ಟು ಎತ್ತರಕ್ಕೆ ನಾನು ಒಂದು ದಿನವೂ ತಲುಪಿಸಿರಲಿಲ್ಲ. ಎರಡೂ ಕೈ ಸೇರಿ, ಯಾರ ನೆರವೂ ಇಲ್ಲದೆ, ಒಂದು ಪೂರ್ತಿ ಕೆಲಸ. ನಮ್ಮ ವೃತ್ತಿಯಲ್ಲಿ ಇದಕ್ಕೆ ಚೇತರಿಕೆ ಅನ್ನುತ್ತೇವೆ.

ನನಗೆ ಏನಾದರೂ ಅನಿಸಬೇಕಿತ್ತು. "ಚೆನ್ನಾಗಿ ಮಾಡಿದ್ದೀರಿ ಅಮ್ಮ," ಅಂದೆ, ಎಲ್ಲ ರೋಗಿಗಳಿಗೂ ಅನ್ನುವ ಹಾಗೆ.

ಅವರು ಕೈ ಇಳಿಸಿ ಮಡಿಲಲ್ಲಿ ಇಟ್ಟುಕೊಂಡರು. ಮುಷ್ಟಿ ಹಿಡಿದದ್ದು ಹಿಡಿದಂತೆಯೇ ಇತ್ತು. ಎಡಗೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಬಿಡಿಸುತ್ತಾ ತಮಗೆ ತಾವೇ ಎಣಿಸಿಕೊಂಡರು. ಒಣ್ಣು, ರೆಂಡು, ಮೂಣು.